ಬರಿ ಡಬ್ಬಿ ಹೊಸ್ತಿಲು ದಾಟಬಾರದು

"ಇದು ನನ್ನ ಕಾಳಲ್ಲ," ಎಂದರು ಸುಮಿತ್ರಾಬಾಯಿ.

ಅವರ ಅಂಗೈ ನಡುವೆ ಒಂದೇ ಒಂದು ಜೋಳದ ಕಾಳು. ಮೈಗೆಲ್ಲ ಅರಿಶಿನ ಮೆತ್ತಿಕೊಂಡು ಮದುಮಗನ ಹಾಗೆ ಕೂತಿತ್ತು.

ವಕೀಲೆ ಸಾಯಲಿ ಆಸ್ಪತ್ರೆಯ ಮಂಚದ ಮೇಲಿದ್ದ ರಟ್ಟಿನ ಡಬ್ಬಿಯನ್ನು ಮತ್ತೊಮ್ಮೆ ತಲೆಕೆಳಗು ಮಾಡಿ ತಟ್ಟಿದಳು. ಗುಳಿಗೆಯ ಪಟ್ಟಿಗಳು ಬಿದ್ದವು, ಒಂದು ಸೇಫ್ಟಿ ಪಿನ್ನು ಬಿತ್ತು, ಎರಡು ಲವಂಗ ಬಿದ್ದವು. ಬೇರೆ ಕಾಳು ಬೀಳಲಿಲ್ಲ.

"ಕಾಕೂ, ನಿಮ್ಮದು ಮಂಗಳವೇಢೆದಾಗ ಜ್ವಾಳದ ವ್ಯಾಪಾರ. ನಿಮ್ಮ ಚೀಲದಾಗ, ನಿಮ್ಮ ಸೆರಗಿನಾಗ, ಎಲ್ಲಾ ಕಡೆ ಜ್ವಾಳ ಇರತದ. ಕೋರ್ಟಿನಾಗ ಮೊದಲ ಹಂಗ ಅಂತಾರ."

"ಇರತದ, ಯಾಕ ಇರೂದಿಲ್ಲ? ಆದ್ರ ಒಂದೊಂದ ಕಾಳಿಗಿ ಅರಿಶಿಣ ಹಚ್ಚಿಕೋತ ಕುಂದ್ರಾಕ ನನಗ ಪುರಸೊತ್ತ ಎಲ್ಲಿದ? ಈ ಮನಷ್ಯಾನ ಸೇವಾ ಮುಗದ್ರ ತಾನ?" ಎಂದು ಮಂಚದ ಕಡೆ ಗದ್ದ ತೋರಿಸಿದರು.

"ನಾ ಏನ ಮಾಡೀನಿ? ಸುಮ್ಮನ ಮಲಗೀನಿ," ಎಂದ ರಾಚಪ್ಪ.

"ಅದ ಹೇಳಾಕತ್ತೀನಿ. ಲಗ್ನ ಆದಾಗಿಂದ ಅದನ್ನ ಮಾಡೀರಿ."

ರಾಚಪ್ಪ ನಕ್ಕ. ನಕ್ಕಾಗ ಬಲಗಾಲು ಅಲುಗಿ, ನಗು ಅರ್ಧಕ್ಕೆ ನಿಂತಿತು. ಆ ಕಾಲಿನ ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸಲು ಹೋಗಿ ನಾಳವೇ ಹರಿದಿತ್ತು. ಹರಿದದ್ದು ಕ್ಯಾಥ್‌ಲ್ಯಾಬಿನ ಟೆಕ್ನಿಶಿಯನ್ ಸುಮಿತನಿಂದ ಎಂದು ಆಸ್ಪತ್ರೆ ದೂರು ಕೊಟ್ಟಿತ್ತು. ನಾಳೆ ಬೆಳಿಗ್ಗೆ ಅವನು ಠಾಣೆಗೆ ಹಾಜರಾಗಬೇಕು. ಒಳಗೆ ಹೋದವನು ಹೊರಗೆ ಬರುವ ಖಾತ್ರಿ ಇರಲಿಲ್ಲ.

ಸುಮಿತ ಸಾಯಲಿಯ ಸೋದರತ್ತೆಯ ಮಗ.

ಕೆಲಸದ ರೀತಿಯನ್ನು ಅವನೇ ಅವಳಿಗೆ ಬಿಡಿಸಿ ಹೇಳಿದ್ದ. ನಾಳದೊಳಗೆ ಮೊದಲು ಕೂದಲಿನಷ್ಟು ಸಣ್ಣ ತಂತಿ ಹೋಗುತ್ತದೆ. ಆ ತಂತಿಯನ್ನೇ ದಾರಿ ಮಾಡಿಕೊಂಡು ಕ್ಯಾಥೆಟರ್ ಎಂಬ ಕೊಳವೆ ಹೋಗುತ್ತದೆ. ಒಂದು ಕೊಳವೆ ಹೊರಗೆಳೆದು ಇನ್ನೊಂದನ್ನು ಒಳಗೆ ಬಿಡುವಾಗ ತಂತಿ ಅಲುಗಬಾರದು. ಅಲುಗದಂತೆ ಅದನ್ನು ಒಳಗೇ ಒತ್ತಿ ಹಿಡಿಯುವುದಕ್ಕೆ ಒಂದು ಪುಟ್ಟ ಬಲೂನಿದೆ. ಲ್ಯಾಬಿನವರು ಅದಕ್ಕೆ ಎಕ್ಸ್‌ಚೇಂಜ್ ಬಲೂನು ಎನ್ನುತ್ತಾರೆ. ಒಮ್ಮೆ ಬಳಸಿ ಬಿಸಾಡುವ ಸಾಮಾನು. ರಾಚಪ್ಪನ ಕಾಲಿನೊಳಗೆ ಅದು ಉಬ್ಬಿದ ಹಾಗೆ ಮಾಡಿ ಸೋರಿತು. ಕೊಳವೆಯ ಜೊತೆಗೇ ತಂತಿಯೂ ಜಾರಿ ಬಂದು ನಾಳದ ಗೋಡೆಯನ್ನು ಸೀಳಿತು.

ಡಬ್ಬಿ ಹೊಸದು, ಒಳಗಿದ್ದ ಬಲೂನು ಹಳೆಯದು. ಯಾರದೋ ಕಾಲಿನಲ್ಲಿ ಒಮ್ಮೆ ದುಡಿದು ಬಂದದ್ದು.

ಹೊಸದನ್ನು ಸುಮಿತನೇ ಮಾರಿಕೊಂಡು ಹಳೆಯದನ್ನು ತುಂಬಿದ ಎಂದಿತು ಆಸ್ಪತ್ರೆಯ ಸಮಿತಿ. ಅವನ ಅಡ್ಡಹೆಸರು ಕೇಳಿ, ಅವನೂರು ವಾಗದರಿಯಲ್ಲಿ ಮನೆ ಯಾವ ಗಲ್ಲಿಯಲ್ಲಿ ಎಂದು ಕೇಳಿ, ಆಮೇಲೆ ಸಮಿತಿ ಬೇರೆ ಏನನ್ನೂ ಕೇಳಲಿಲ್ಲ. ಅಷ್ಟರಲ್ಲೇ ಅವರಿಗೆ ಉತ್ತರ ಸಿಕ್ಕಿತ್ತು.

"ಕಾಲ ನಂದು ಹರದದ. ನಾ ಆ ಹುಡುಗನ ಮ್ಯಾಲ ಕೇಸ ಮಾಡಿಲ್ಲ. ಇವರ್‍ಯಾಕ ಮಾಡ್ಯಾರ?" ಎಂದ ರಾಚಪ್ಪ. "ನನಗ ಬ್ಯಾನಿ ಆದಾಗ ಡಾಕ್ಟರ ಟೀವಿ ನೋಡಾಕತ್ತಿದ್ದ. ಕೈ ಹಿಡಕೊಂಡಾವ ಸುಮಿತ."

ಡಬ್ಬಿ ಸಿಕ್ಕದ್ದು ಸುಮಿತ್ರಾಬಾಯಿಯ ಕೃಪೆ. ಅವತ್ತು ಲ್ಯಾಬಿನ ಬಾಗಿಲ ಹೊರಗಿನ ಕಸದ ಬುಟ್ಟಿಯಲ್ಲಿ ಇಷ್ಟು ಗಟ್ಟಿ ಡಬ್ಬಿ ಬಿದ್ದಿದೆಯಲ್ಲ ಎಂದು ಮರುಗಿ ಎತ್ತಿಕೊಂಡಿದ್ದರು. ಕಾಳು ಅದರ ತಳದ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು.

"ಕೇಳಿಲ್ಲಿ," ಎಂದು ಅವರು ದನಿ ತಗ್ಗಿಸಿದರು. "ಬರಿ ಡಬ್ಬಿ ಹೊಸ್ತಿಲ ದಾಟಸಬಾರ್ದು ಅಂತಾರ. ನೆರಿಮನಿ ಡಬ್ಬಿ ತಿರಗಿ ಕೊಡೂಮುಂದ ನಾವು ಚಿಟಕಿ ಸಕ್ರಿ ಹಾಕತೀವಿ. ಕೆಲವ್ರು ಕಾಳ ಹಾಕತಾರ. ಈ ಡಬ್ಬಿ ಯಾವುದೋ ಮನ್ಯಾಗ ತಯಾರ ಆಗೇದವಾ. ಫ್ಯಾಕ್ಟರಿದಾಗ ಅಲ್ಲ. ಫ್ಯಾಕ್ಟರಿಗಿ ಹೊಸ್ತಿಲ ಎಲ್ಲಿರತದ?"

ಸಾಯಲಿ ಕಾಳನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು.

"ಯಾವ ಗುಪ್ತ ಮಾತು ನಡದದ?" ಎನ್ನುತ್ತ ಶೀತಲ ಸಿಸ್ಟರ್ ಒಳಗೆ ಬಂದಳು. ಕ್ಯಾಥ್‌ಲ್ಯಾಬಿನ ಹಿರಿಯ ನರ್ಸು. ಪ್ರತಿ ವರ್ಷ ಸುಮಿತನಿಗೆ ರಾಖಿ ಕಟ್ಟುವವಳು. ಆಸ್ಪತ್ರೆಯಲ್ಲಿ ಎಲ್ಲರೂ ಸಾಯಲಿಯನ್ನು ಕಂಡರೆ ಮುಖ ತಿರುಗಿಸುವಾಗ, ಹಿಂಬಾಗಿಲಿನಿಂದ ವಾರ್ಡಿಗೆ ಕರೆತಂದವಳೂ ಅವಳೇ.

ಸಾಯಲಿ ಗಂಟು ಬಿಚ್ಚಿ ತೋರಿಸಿದಳು.

ಶೀತಲ ಕಾಳನ್ನು ನೋಡಿದಳು. "ಕಾಕು, ನಿಮ್ಮ ಸೆರಗಿನಾಗಿಂದ ಬಿದ್ದದ ಅಷ್ಟ," ಎಂದು ನಕ್ಕು, ಸಾಯಲಿಯ ಕೆನ್ನೆ ತಟ್ಟಿದಳು. "ಬಾಳಾ, ನನ್ನ ಕೂಸ, ಮಾರಿ ಎಷ್ಟ ಬಾಡೇದ. ಉಂಡಿಯಿಲ್ಲ? ನಮ್ಮ ತಮ್ಮ ಉಂಡಾನಿಲ್ಲ? ತುಗೋ, ರವಾದ ಶಿರಾ ಮಾಡಿ ತಂದೀನಿ. ಅವನ ಖೋಲಿಗಿ ಒಯ್ದು ಕೊಡು. ನನಗ ಮಧ್ಯಾಹ್ನದಿಂದ ಸೂಟಿ ಅದ, ಆಮ್ಯಾಲ ಫೋನ ಮಾಡತೀನಿ."

ಸ್ಟೀಲಿನ ಡಬ್ಬಿ. ಸುತ್ತ ಆಪರೇಶನ್ ಕೋಣೆಯ ಹಸಿರು ಬಟ್ಟೆಯ ಚೌಕ, ಅಂಚಿಗೆ ಕೆಂಪು ದಾರದ ಹೊಲಿಗೆ.

"ಇನ್ನೊಂದ ಮಾತು," ಎಂದಳು ಬಾಗಿಲವರೆಗೆ ಬಂದು. "ವಾಗದರಿಗಿ ಹೋಗಬ್ಯಾಡ. ಜನಾಮಾವಶಿಗಿ ಬೀಪಿ ಅದ. ಮಗನ ಸುದ್ದಿ ಕೇಳಿ ಏನರೆ ಆದ್ರ?"

ತನ್ನ ಅತ್ತೆಯ ಬೀಪಿಯನ್ನು ನೆನಪಿಟ್ಟುಕೊಂಡವಳು ಈ ಊರಲ್ಲಿ ಒಬ್ಬಳಾದರೂ ಇದ್ದಾಳಲ್ಲ. ಸಾಯಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟಳು.

*

ಸಾಯಲಿಯ ಅಪ್ಪ ಸಾತಪ್ಪನ ಸ್ಕೂಟರು ಹಳೆಯದು, ಬಾಯಿ ಅದಕ್ಕಿಂತ ಹಳೆಯದು. ಪವರ್‌ಲೂಮಿನ ಸದ್ದಿನಲ್ಲಿ ಆಯುಷ್ಯ ಕಳೆದದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ಹಿಂದೆ ಕೂತ ಮಗಳಿಗೆ ಅವನು ಹೇಳುವ ಮಾತಿಗೆ ಮುಂದಿನ ರಿಕ್ಷಾದವನು ತಿರುಗಿ ನೋಡುತ್ತಿದ್ದ.

ಸುಮಿತನ ಖೋಲಿಗೆ ಬೀಗ ಇತ್ತು. ಫೋನು ಎತ್ತಲಿಲ್ಲ. ಶಿರಾದ ಡಬ್ಬಿ ಸಾಯಲಿಯ ತೊಡೆ ಮೇಲೇ ಉಳಿಯಿತು.

"ಬಲೂನ ಅಂದ್ರ ನನಗ ತಿಳದದ," ಎಂದು ಕೂಗಿದ ಸಾತಪ್ಪ, ಅಕ್ಕಲಕೋಟ ರಸ್ತೆಗೆ ತಿರುಗಿಸುತ್ತ. "ಮಗ್ಗದಾಗ ನೂಲಿನ ಕಾಂಡಿ ಬದಲಸೂಮುಂದ ಎಳಿ ತುದಿ ಬೆರಳ ಬಟ್ಟಿನಾಗ ಹಿಡಕೋತೀವಿ. ಬಿಟ್ರ ಸರ್ರಂತ ಹಿಂದ ಹೋಗತದ. ಹಂಗ ಹೌದಿಲ್ಲ, ವಕೀಲಬಾಯಿ?"

"ಹಂಗ ಅಪ್ಪಾ."

"ಹಳೀ ಬಟ್ಟು ಹಚ್ಚಿ ಹಿಡಸ್ಯಾರ ಮಕ್ಕಳು. ಆ ಡಬ್ಬಿ ಮಾಡಿದ ಕೈ ಯಾವುದಂತ ಒಮ್ಮೆ ತಿಳೀಲಿ. ನಾನ ಮಣಿಕಟ್ಟ ಹಿಡದು ಎಳಕೊಂಡ ಬಂದು ಜಜ್ ಮುಂದ ನಿಲ್ಲಸತೀನಿ. ನಮ್ಮ ಸುಮ್ಯಾನ ಮ್ಯಾಲ ಹಾಕತಾರ? ನಮ್ಮಕ್ಕ ಮಂದಿ ಹೊಲದಾಗ ಸೊಪ್ಪಿ ಹೊತ್ತು ಓದಸಿದ ಹುಡುಗಾವ."

"ಸಾವಕಾಶ ಅಪ್ಪಾ. ಗಾಡಿನೂ ಸಾವಕಾಶ, ಬಾಯೀನೂ."

"ನಿಮ್ಮ ಆತ್ಯಾ ನಿನಗ ಸೊಸಿ ಅನ್ನೂದು ಸುಮ್ಮನಲ್ಲ. ಅವನ್ನ ಬಿಡಿಸಿಕೊಂಡ ಬಂದ್ರ ಮುಂದಿನ ಮಾತು ನಾನ ತಗೀತೀನಿ."

"ಅಪ್ಪಾ, ರಸ್ತಾ ನೋಡು."

ಮುಂದಿನ ರಿಕ್ಷಾದವನು ಈಗ ಪೂರ್ತಿ ನಗುತ್ತಿದ್ದ.

*

ಗುರುಸಿದ್ಧನ ಗೋದಾಮು ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳಗಲ್ಲಿಯಲ್ಲಿ, ಎರಡು ಟವೆಲ್ ಕಾರ್ಖಾನೆಗಳ ನಡುವೆ. ಆ ಬಲೂನುಗಳನ್ನು ಸೋಲಾಪುರದ ಆಸ್ಪತ್ರೆಗಳಿಗೆ ಕೊಡುವ ವ್ಯಾಪಾರಿ ಅವನೊಬ್ಬನೇ. ಹಣೆ ತುಂಬ ವಿಭೂತಿ, ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಚಹಾ. ಸಾತಪ್ಪನಿಗೆ ಮಾತ್ರ ಕಾಗದದ ಕಪ್ಪಿನಲ್ಲಿ ಬಂತು. ಸಾಯಲಿ ತನ್ನ ಗಾಜಿನ ಲೋಟವನ್ನು ಅಪ್ಪನ ಮುಂದೆ ಸರಿಸಿ, ಕಾಗದದ ಕಪ್ಪನ್ನು ತಾನು ತೆಗೆದುಕೊಂಡಳು. ಗುರುಸಿದ್ಧ ಅದನ್ನು ನೋಡಿ ನೋಡದ ಹಾಗೆ ಮಾಡಿದ.

"ನೋಡ್ರಿ ವಕೀಲರ, ನನ್ನ ಸಾಮಾನ ಸೀಲ್ ಹಾಕಿ ಬರತದ, ಸೀಲ್ ಹಾಕಿ ಹೋಗತದ. ನಡುವ ಏನಾತು ನನಗ ಗೊತ್ತಿಲ್ಲ. ಈಗಿನ ಕಾಲದಾಗ ಎಂಥೆಂಥಾ ಮಂದಿ ಕೈಯಾಗ ಇಂಥಾ ನಾಜೂಕ ಕೆಲಸ ಕೊಡತಾರ, ಹಿಂಗ ಆಗತದ."

"ಎಂಥಾ ಮಂದಿ, ಶೇಠ?"

"ಅಂದ್ರ... ಹೊಸ ಹುಡುಗ್ರು."

"ಸುಮಿತ ನಿಮ್ಮಕಿಂತ ಹಳಬ ಈ ಕೆಲಸದಾಗ. ನೀವು ಮೊದಲ ಸೀರಿ ಮಾರತಿದ್ರಿ." ಅವಳು ಚಹಾ ಗುಟುಕರಿಸಿದಳು. "ಎಂಥಾ ಮಂದಿ ಅಂತ ನೀವು ಹೇಳಿದ್ದು ನಾ ಬರಕೋಳೂದಿಲ್ಲ. ಒಂದ ಡಬ್ಬಿ ತೋರಸ್ರಿ, ಅಷ್ಟ."

"ಯಾಕ ತೋರಸಬೇಕು?"

"ತೋರಸದಿದ್ರ ಖೋಟಾ ಡಬ್ಬಿ ನಿಮ್ಮ ಗೋದಾಮಿನಾಗ ಆಗತಾವ ಅಂತ ಕೋರ್ಟಿನಾಗ ಹೇಳತೀನಿ. ತೋರಿಸಿದ್ರ, ಮತ್ತ ಅವು ಇಲ್ಲಿ ಆಗಿರದಿದ್ರ, ಹೇಳೂದಿಲ್ಲ."

ಗುರುಸಿದ್ಧ ಎದ್ದು ಹೋಗಿ ಕಪಾಟಿನಿಂದ ಒಂದು ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದ.

ಸಾಯಲಿ ಅದರ ಪಕ್ಕದಲ್ಲಿ ಸುಮಿತ್ರಾಬಾಯಿಯ ಡಬ್ಬಿಯನ್ನಿಟ್ಟಳು. ಅದೇ ನೀಲಿ, ಅದೇ ಅಕ್ಷರ. ಅಣ್ಣತಮ್ಮಂದಿರ ಹಾಗಿದ್ದವು.

ಗುರುಸಿದ್ಧ ಕನ್ನಡಕ ಏರಿಸಿಕೊಂಡ. ಎರಡನ್ನೂ ತಿರುವಿದ. ಅಂಚಿನ ಮೇಲೆ ಉಗುರು ಎಳೆದ. ಅವನ ಮುಖದ ಮೇಲಿನ ವ್ಯಾಪಾರ ನಿಧಾನವಾಗಿ ಇಳಿಯಿತು.

"ಇದು ನಂದಲ್ರಿ," ಎಂದ. ಈ ಸಲ ದನಿ ಬೇರೆ ಇತ್ತು. "ನನ್ನ ಡಬ್ಬಿಗಿ ಮಶೀನಿನ ಅಂಟು, ಗೆರಿ ಎಳದಂಗ ಇರತದ. ಇದಕ್ಕ ಕೈಲೆ ಹಚ್ಯಾರ. ಹಿಟ್ಟಿನ ಅಂಟು. ಇಲ್ಲಿ ಬಟ್ಟಿನ ಗುರತು ನೋಡ್ರಿ."

ಅಂಚಿನಲ್ಲಿ ಹೆಬ್ಬೆರಳೊಂದು ಒತ್ತಿ ಸವರಿದ ಗುರುತು ಇತ್ತು. ತುಸು ಹಳದಿ.

"ಆ ಆಸ್ಪತ್ರೆಯವರು ಈ ಬಲೂನ ನಿಮ್ಮ ಕಡೆ ಕಡೀಕ ಯಾವಾಗ ತುಗೊಂಡ್ರು?"

"ಹೋದ ದೀಪಾವಳಿ ಮುಂದ. ಆಮ್ಯಾಲ ಕೇಳೇ ಇಲ್ಲ. ಆ ಆಪರೇಶನ್ ಬಂದ್ ಮಾಡ್ಯಾರ ಅಂತ ತಿಳದಿದ್ದೆ ನಾ."

"ಬಂದ್ ಮಾಡಿಲ್ಲ. ವಾರಕ್ಕೊಮ್ಮೆ ಆಗತಾವ."

ಸಾಯಲಿಗೆ ಲೆಕ್ಕ ಕೂಡಿತು. ಬಳಸಿದ್ದನ್ನು ತೊಳೆದು, ಹೊಸ ಡಬ್ಬಿಗೆ ಹಾಕಿ, ಬಡವರ ಕಾಲಿಗೂ ಶ್ರೀಮಂತರ ಕಾಲಿಗೂ ಹೊಸದೆಂದು ಬಿಲ್ಲು ಬರೆಯುವ ಕೆಲಸ ಗೋದಾಮಿನಲ್ಲಿ ನಡೆಯುತ್ತಿರಲಿಲ್ಲ. ಆಸ್ಪತ್ರೆಯ ಒಳಗೇ ನಡೆದಿತ್ತು. ಹೊರಗಿನಿಂದ ಬರುತ್ತಿದ್ದದ್ದು ಬರೀ ಡಬ್ಬಿ.

"ಇಷ್ಟು ಮಾತು ಕೋರ್ಟಿನಾಗ ಹೇಳತೀರೇನು?"

"ಅವರು ನನ್ನ ದೊಡ್ಡ ಗಿರಾಕಿ." ಗುರುಸಿದ್ಧ ವಿಭೂತಿ ಒರೆಸಿಕೊಂಡ, ಬೆವರೆಂದು. "ಸುಮ್ಮನ ಹೇಳೂದಿಲ್ಲ. ಡಬ್ಬಿ ಮಾಡಿದವರ್‍ನ ತಂದು ನಿಲ್ಲಸ್ರಿ, ಆಗ ಹೇಳತೀನಿ. ಖರೇನ ಹೇಳತೀನಿ. ಆದ್ರ ಒಂದ ತಿಳಕೋರಿ ವಕೀಲರ. ಇಂಥಾದ್ರಾಗ ಮೊದಲ ಜೇಲಿಗಿ ಹೋಗೂದು ಆ ಕೈನ. ಮ್ಯಾಲಿನವ್ರು ನಮಗ ಗೊತ್ತ ಇಲ್ಲ ಅಂತಾರ."

"ಆ ಕೈ ಹುಡಕಾಕ ನನ್ನ ಕಡೆ ಇದೊಂದ ಅದ," ಎಂದು ಸಾಯಲಿ ಕರವಸ್ತ್ರದ ಗಂಟು ಬಿಚ್ಚಿ ಕಾಳನ್ನು ಮೇಜಿನ ಮೇಲಿಟ್ಟಳು.

ಗುರುಸಿದ್ಧನಿಗೆ ಅದು ಬರೀ ಕಾಳು. ಅವನು ಭುಜ ಹಾರಿಸಿದ.

ಆದರೆ ಸಾತಪ್ಪ ಅದನ್ನು ಮೊದಲ ಸಲ ನೋಡಿದ್ದು ಆಗ. ಆಸ್ಪತ್ರೆಯಲ್ಲಿ ಅವನು ಸ್ಕೂಟರಿನ ಹತ್ತಿರವೇ ನಿಂತಿದ್ದ. ಗಾಜಿನ ಲೋಟ ಅವನ ತುಟಿಯ ಹತ್ತಿರ ನಿಂತಿತು. ಚಹಾ ಕುಡಿಯಲಿಲ್ಲ, ಲೋಟ ಕೆಳಗಿಡಲಿಲ್ಲ, ಏನೂ ಕೂಗಲಿಲ್ಲ.

*

ಹೊರಗೆ ಬಂದು ಸ್ಕೂಟರಿಗೆ ಒದೆಯುತ್ತ ಸಾತಪ್ಪ ಮೆಲ್ಲಗೆ ಹೇಳಿದ: "ನಡಿ, ಮನಿಗಿ ಹೋಗೂಣು."

ಮೆಲ್ಲಗೆ.

ಸಾಯಲಿ ನಿಂತಳು. ಅಕ್ಕಲಕೋಟ ರಸ್ತೆಗೆ ಬಂದು, "ಇಲ್ಲಿ ತನಕ ಬಂದೀವಿ, ಅಕ್ಕನ ಮನಿಗಿ ಹೋಗಿ ರೊಟ್ಟಿ ತಿಂದ ಬರೂಣು" ಅನ್ನದ ಅಪ್ಪನನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಆತ್ಯಾನ ಮನಿ?"

"ಇವತ್ತ ಬ್ಯಾಡ. ಪೆಟ್ರೋಲ್ ಇಲ್ಲ."

ಮುಂಜಾನೆ ಟಾಕಿ ತುಂಬಿಸುವಾಗ ಅವಳೇ ಪಕ್ಕದಲ್ಲಿದ್ದಳು.

"ಹಿಂದ ಕೂಡು ಅಪ್ಪಾ. ಗಾಡಿ ನಾ ಹೊಡೀತೀನಿ."

ಅಕ್ಕಲಕೋಟದವರೆಗೂ ಸಾತಪ್ಪ ಮಾತಾಡಲಿಲ್ಲ. ಸ್ವಾಮಿ ದರ್ಶನಕ್ಕೆ ಬಂದವರ ಗಾಡಿಗಳ ನಡುವೆ ದಾರಿ ಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಎದುರು ಅತ್ತೆಗೆಂದು ಬಾಳೆಹಣ್ಣು ಕೊಂಡಾಗಲೂ ಆಡಲಿಲ್ಲ. ಹಣ್ಣಿನವಳ ಜೊತೆ ಚೌಕಾಶಿಯನ್ನೂ ಮಾಡಲಿಲ್ಲ. ಊರು ದಾಟಿ ವಾಗದರಿಯ ದಾರಿ ಹಿಡಿದ ಮೇಲೆ ಹಿಂದಿನಿಂದ ಅವನ ಕೈ ಬಂದು ಅವಳ ಭುಜದ ಮೇಲೆ ಕೂತಿತು, ಅವಳು ಮೊದಲ ಸಲ ಸೈಕಲ್ ಕಲಿಯುವಾಗ ಕೂತಿದ್ದ ಹಾಗೆ.

"ತಂಗಿ, ವಾಪಸ ತಿರಗಸು."

"ಯಾಕಪ್ಪಾ?"

ಅವನ ಕೈ ಅವಳ ಭುಜವನ್ನು ಒತ್ತಿ ಹಿಡಿಯಿತು. ಅವಳು ತಿರುಗಿಸಲಿಲ್ಲ.

*

"ನನ ಸೊಸಿ ಬಂದ್ಲು," ಎಂದು ಜನಾಬಾಯಿ ಬಾಗಿಲಲ್ಲೇ ಅವಳ ಮುಖ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಿಕೆ ಮುರಿದಳು. "ಒಣಗಿ ಕಟ್ಟಿಗಿ ಆಗೀದಿ. ಕೋರ್ಟಿನಾಗ ಉಪಾಸ ಇಡತಾರೇನು? ಏ ಸಾತ್ಯಾ, ನಿನ್ನ ಬಾಯಿಗಿ ಏನಾಗೇದ? ಊರ ಅಗಸಿಗಿ ಬಂದಾಗ ನಿನ್ನ ದನಿ ಕೇಳಬೇಕಿತ್ತು ನನಗ."

"ಏನಿಲ್ಲಕ್ಕಾ."

"ಬಿಸಲಿಗಿ ಆಗಿರಬೇಕು. ನೀರ ಕುಡಿ."

ಮಾತಾಡುತ್ತಲೇ ಅವಳ ಕೈ ರೊಟ್ಟಿ ಬಡಿಯಿತು, ಶೇಂಗಾ ಚಟ್ನಿಗೆ ಎಣ್ಣೆ ಹಾಕಿತು. ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ಚಿತ್ರ, ಅದರ ಕೆಳ ಚೌಕಟ್ಟಿಗೆ ಸಿಕ್ಕಿಸಿದ ಸುಮಿತನ ಪದವಿಯ ಫೋಟೋ. ಮಗನ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಸಾಯಲಿಯ ಬಾಯಿಗೆ ಒಂದು ತುತ್ತು ರೊಟ್ಟಿ ಬರುತ್ತಿತ್ತು.

"ಇದು ಯಾರ ಡಬ್ಬಿ?"

"ಶಿರಾ ಅದ ಆತ್ಯಾ. ಸುಮಿತಗಂತ ಕೊಟ್ಟಿದ್ರು. ಅವ ಖೋಲಿದಾಗ ಇರಲಿಲ್ಲ."

ಜನಾಬಾಯಿ ಶಿರಾವನ್ನು ಬಟ್ಟಲಿಗೆ ಸುರಿದು ಮುಚ್ಚಿಟ್ಟಳು, ಮಗ ಬಂದರೆ ಇರಲಿ ಎಂದು. ಡಬ್ಬಿ ತಿಕ್ಕಿ ತೊಳೆದಳು. ಸೆರಗಿನಿಂದ ಒರೆಸಿದಳು. ಮೂಲೆಯ ಗಡಿಗೆಯೊಳಗೆ ಕೈ ಹಾಕಿ ಏನನ್ನೋ ತೆಗೆದಳು. ಡಬ್ಬಿಯೊಳಗೆ ಟಣ್ ಎಂದಿತು.

ಸಾಯಲಿ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟಳು.

"ಅದೇನ ಹಾಕಿದಿ ಆತ್ಯಾ?"

"ಕಾಳು. ಯಾಕ? ನಿಮ್ಮನಿಗಿ ಎಷ್ಟ ಡಬ್ಬಿ ಕಳಿಸೀನಿ, ಒಮ್ಮೇನೂ ನೋಡಿಲ್ಲ?"

ನೋಡಿರಲಿಲ್ಲ. ಆತ್ಯಾಳ ಡಬ್ಬಿಯನ್ನು ಯಾವಾಗಲೂ ಅಪ್ಪನೇ ತೆರೆಯುತ್ತಿದ್ದ. ತೆರೆದು ಮೊದಲು ಏನನ್ನೋ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಸಾಲಿಗಿ ಹೋದ ಮಂದಿಗಿ ಇದು ಮೂಢನಂಬಿಕಿ ಅನಸಬೌದು," ಎಂದಳು ಜನಾಬಾಯಿ. "ದೇವ್ರು ದಿಂಡ್ರು ಬಿಟ್ಟೀವಿ ನಾವು. ಇದು ದೇವ್ರದಲ್ಲ, ಮಾಣುಸಕಿದು, ಮನಷ್ಯಾತನದ್ದು. ನಮ್ಮವ್ವ ಅಂತಿದ್ಲು, ಮಂದಿ ಕೈಯಾಗ ಬರಿ ಡಬ್ಬಿ ಕೊಟ್ರ ಹಸಿವಿ ಕೊಟ್ಟಂಗ ಅಂತ. ನಮಗ ಬಾಳ ಮಂದಿ ಬರಿ ಡಬ್ಬಿ ಕೊಟ್ಟಾರವ್ವಾ. ನಾವು ಕೊಡಬಾರ್ದು. ಹುಳ ಹತ್ತಬಾರ್ದಂತ ಅರಿಶಿಣ, ಮತ್ತೇನಿಲ್ಲ."

ಆಮೇಲೆ ಡಬ್ಬಿ ಸುತ್ತಿದ್ದ ಹಸಿರು ಬಟ್ಟೆಯನ್ನು ಮಡಚಿ, ಜೋಳದ ಚೀಲಗಳ ಹಿಂದೆ ಕೈ ಚಾಚಿದಳು. ಸಾಯಲಿ ಎದ್ದು ಹಿಂದೆಯೇ ಹೋದಳು.

ಅಲ್ಲಿ ಅಂಥ ಹಸಿರು ಬಟ್ಟೆಗಳ ಅಟ್ಟಿಯೇ ಇತ್ತು. ಎಲ್ಲದಕ್ಕೂ ಕೆಂಪು ದಾರದ ಅಂಚು. ಪಕ್ಕದಲ್ಲಿ ಅಚ್ಚು ಹಾಕಿದ ನೀಲಿ ರಟ್ಟುಗಳು. ಹಿಟ್ಟಿನ ಅಂಟಿನ ಬಟ್ಟಲು. ಅಂಟಿಸಿ ಮುಗಿಸಿದ ಡಬ್ಬಿಗಳು ಸಾಲಾಗಿ, ಒಂದೊಂದರ ತಳದಲ್ಲಿ ಒಂದೊಂದು ಹಳದಿ ಚುಕ್ಕೆ.

"ಸುಮ್ಯಾಗ ಹೇಳಬ್ಯಾಡ್ರಿ ಮತ್ತ," ಎಂದು ಜನಾಬಾಯಿ ಸಣ್ಣ ಹುಡುಗಿಯ ಹಾಗೆ ನಾಚಿದಳು. "ಇನ್ನ ಕೆಲಸ ಬ್ಯಾಡ ಅಂದಾನವ. ಕೈ ಸುಮ್ಮನ ಕುಂದ್ರೂದಿಲ್ಲ ನಂದು. ಔಷಧದ ಡಬ್ಬಿ ಅಂತ. ರೋಗಿಗಳಿಗಿ ಹೋಗತಾವಂತ. ಅದಕ್ಕ ಪ್ರತಿ ಒಂದ್ರಾಗ ಕಾಳ ಹಾಕತೀನಿ. ಯಾರೋ ಏನೋ, ಅವರ ಮನಿ ತುಂಬಿರಲಿ ಅಂತ."

ಸಾತಪ್ಪ ನೆಲದ ಮೇಲೆ ಕುಸಿದು ಕೂತ. ಮಣಿಕಟ್ಟು ಹಿಡಿದು ಎಳೆದು ತರುತ್ತೇನೆ ಎಂದಿದ್ದನಲ್ಲ; ಈಗ ಅಕ್ಕನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವಳ ಹೆಬ್ಬೆರಳು ಹಳದಿಯಾಗಿತ್ತು.

"ಇವೆಲ್ಲ ಸುಡತೀನಿ," ಎಂದ. "ಈಗ ಒಲಿಗಿ ಹಾಕತೀನಿ."

"ಸುಟ್ರ ಸುಮಿತ ಬಿಡಗಡಿ ಆಗೂದಿಲ್ಲ ಅಪ್ಪಾ. ಪುರಾವೆ ಇದೊಂದ ಅದ."

"ಇಟ್ರ?"

ಗುರುಸಿದ್ಧ ಹೇಳಿದ್ದು ಇಬ್ಬರಿಗೂ ನೆನಪಿತ್ತು: ಮೊದಲು ಜೈಲಿಗೆ ಹೋಗುವುದು ಡಬ್ಬಿ ಮಾಡಿದ ಕೈಯೇ.

"ಸುಮಿತ ಎಲ್ಲಿಂದ ಬಿಡಗಡಿ ಆಗಬೇಕು?" ಎಂದು ಕೇಳಿದಳು ಜನಾಬಾಯಿ.

ಉತ್ತರ ಬಾಗಿಲಿನಿಂದ ಬಂತು. "ನಾ ಹೇಳತೀನಿ ಅವ್ವಾ."

ಸುಮಿತ ನಿಂತಿದ್ದ. ಊರು ಬಿಡಬಾರದೆಂದು ಪೊಲೀಸರು ಹೇಳಿದ್ದರೂ, ತಾಯಿಗೆ ತಾನೇ ಹೇಳಬೇಕೆಂದು ಎಸ್‌ಟಿ ಬಸ್ಸು ಹತ್ತಿ ಬಂದಿದ್ದ. ಹೇಳಲು ಬಂದವನ ಕಣ್ಣು ನೀಲಿ ಡಬ್ಬಿಗಳ ಮೇಲೆ ಬಿತ್ತು. ಲ್ಯಾಬಿನಲ್ಲಿ ಅವನು ವಾರವಾರ ಒಡೆಯುವ ಡಬ್ಬಿಗಳು; ಅಲ್ಲಿಗೆ ಬರುವಾಗ ಮಾತ್ರ ಅವುಗಳಲ್ಲಿ ಕಾಳು ಇರುತ್ತಿರಲಿಲ್ಲ.

ಅವನಿಗೆ ಎಲ್ಲ ತಿಳಿಯಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ತಾಯಿಗೆ ತಿಳಿಸಲು ಇನ್ನೆರಡು ಮಾತು. ಜನಾಬಾಯಿ ಕೇಳಿಸಿಕೊಂಡಳು. ಅಳಲಿಲ್ಲ. "ಆ ರಾಚಪ್ಪಗ ಕಾಲ ಉಳೀತದೇನು?" ಎಂದು ಮಾತ್ರ ಕೇಳಿದಳು.

"ಉಳೀತದಂತ, ಆತ್ಯಾ."

"ಸಾಯಲಿ," ಎಂದ ಸುಮಿತ, "ಡಬ್ಬಿ ನಾ ಮಾಡೀನಿ ಅಂತ ಬರಕೋ. ಅವ್ವನ ಹೆಸರ ಬರಬಾರ್ದು."

"ಏ ಮಂಗ್ಯಾ," ಎಂದಳು ಜನಾಬಾಯಿ. "ನೀ ಅಂಟ ಹಚ್ಚಿದ್ರ ಡಬ್ಬಿ ನಿಂದರತದೇನು? ಗಾಳಿಪಟಕ್ಕ ಬಾಲ ಹಚ್ಚಾಕ ಬರತಿರಲಿಲ್ಲ ನಿನಗ. ಕೋರ್ಟಿನಾಗ ಮಾಡಿ ತೋರಸಂದ್ರ ಏನ ಮಾಡತಿ? ನಾ ಮಾಡೀನಿ, ನಾ ಹೇಳತೀನಿ. ಸೊಸಿ, ನನ್ನ ಹೆಸರ ಬರಿ. ದೊಡ್ಡ ಅಕ್ಷರದಾಗ ಬರಿ."

ಒಬ್ಬರನ್ನು ಹೊರಗೆಳೆದರೆ ಇನ್ನೊಬ್ಬರು ಒಳಗೆ ಹೋಗುತ್ತಾರೆ. ಅದಕ್ಕೇ ಯಾರೋ ಬೇಕೆಂದೇ ಈ ಮನೆಯನ್ನು ಆರಿಸಿದ್ದಾರೆ ಎಂದು ಸಾಯಲಿಗೆ ಹೊಳೆಯಿತು. ಸೋಲಾಪುರದಲ್ಲಿ ಡಬ್ಬಿ ಅಂಟಿಸುವ ಕೈಗಳಿಗೆ ಬರವಿಲ್ಲ. ಆದರೆ ಸಿಕ್ಕಿಬಿದ್ದ ದಿನ ಲ್ಯಾಬಿನ ಟೆಕ್ನಿಶಿಯನ್ನನ ತಾಯಿಯ ಕೈಯೇ ಆಗಿದ್ದರೆ, ಬೇರೆ ಯಾರನ್ನೂ ಹುಡುಕುವ ಕೆಲಸವಿಲ್ಲ.

ಅವಳು ಹಸಿರು ಬಟ್ಟೆಯ ಕೆಂಪು ಅಂಚನ್ನು ಬೆರಳಿನಿಂದ ಮುಟ್ಟಿದಳು. ಮುಂಜಾನೆಯಿಂದ ಅವಳ ಜೊತೆಗೇ ಬಂದ ಬಟ್ಟೆ.

"ಆತ್ಯಾ, ಈ ಕೆಲಸ ನಿನಗ ಹಚ್ಚಿ ಕೊಟ್ಟಾವ್ರು ಯಾರು?"

"ಮತ್ಯಾರು? ನಮ್ಮ ಶೀತಲ," ಎಂದಳು ಜನಾಬಾಯಿ. "ರಟ್ಟ ಆಕಿನ ತರತಾಳ, ಡಬ್ಬಿ ಆಕಿನ ಒಯ್ತಾಳ. ಮಗಳಿದ್ದಂಗ. ಬಂದಾಗೆಲ್ಲ ನನ್ನ ಬೀಪಿ ನೋಡಿ ಹೋಗತಾಳ."

ಸುಮಿತ ತನ್ನ ಬಲಗೈಯನ್ನು ನೋಡಿಕೊಂಡ. ಮಣಿಕಟ್ಟಿನಲ್ಲಿ ಬಣ್ಣ ಮಾಸಿದ ರಾಖಿಯ ದಾರ ಇನ್ನೂ ಇತ್ತು.

ಸಾಯಲಿಯ ಫೋನು ಡಬ್ಬಿಗಳ ಮೇಲೆ ಕಂಪಿಸಿತು. ಪರದೆಯ ಮೇಲೆ ಶೀತಲಳ ಹೆಸರು.

"ಎತ್ತಬ್ಯಾಡ," ಎಂದ ಸಾತಪ್ಪ.

ಸುಮಿತ ಎತ್ತಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಸಾಯಲಿ? ಶಿರಾದ ಡಬ್ಬಿ ಕೊಟ್ಟೇನು ಬಾಳಾ? ನಮ್ಮ ತಮ್ಮ ಉಂಡನ?" ಎಂದಿನ ದನಿ. ಅಕ್ಕರೆ ಒಂದು ಹನಿಯೂ ಕಡಿಮೆ ಇರಲಿಲ್ಲ.

"ಉಂಡೆ ಅಕ್ಕಾ," ಎಂದ ಸುಮಿತ. "ಶಿರಾ ಛಲೋ ಆಗಿತ್ತು. ಅವ್ವನೂ ತಿಂದ್ಲು."

ಆ ಕಡೆ ಮಾತು ನಿಂತಿತು.

ಆ ಮೌನದೊಳಗೆ, ಫೋನಿನಲ್ಲಿ, ಒಂದು ಹೇಟೆ ಕೋಳಿ ಕೊಕ್ಕೊಕ್ಕೆಂದು ಗದ್ದಲ ಹಾಕಿತು. ಅದೇ ಗದ್ದಲ ಅದೇ ಗಳಿಗೆಯಲ್ಲಿ ಜನಾಬಾಯಿಯ ಅಂಗಳದಿಂದಲೂ ಕೇಳಿಸಿತು. ಗೊತ್ತಿಲ್ಲದವರು ಅಂಗಳಕ್ಕೆ ಕಾಲಿಟ್ಟರೆ ಆ ಕೋಳಿ ಹಾಗೆ ಕೂಗುವುದಿಲ್ಲ. ಕಾಳು ಹಾಕುವ ಪರಿಚಯದ ಕೈ ಕಂಡರೆ ಮಾತ್ರ.

ಸಾತಪ್ಪ ಬಾಗಿಲಿಗೆ ಅಗುಳಿ ಹಾಕಲು ಎದ್ದ. ಜನಾಬಾಯಿ ಅವನ ತೋಳು ಹಿಡಿದು ಕೂಡಿಸಿದಳು. ಸೆರಗು ಸರಿಮಾಡಿಕೊಂಡು, ತೊಳೆದಿಟ್ಟ ಸ್ಟೀಲಿನ ಡಬ್ಬಿಯನ್ನು ಕೈಗೆತ್ತಿಕೊಂಡು, ಒಳಗಿನ ಕಾಳು ಇದೆಯೋ ಎಂದು ಒಮ್ಮೆ ಅಲ್ಲಾಡಿಸಿ ನೋಡಿದಳು.

"ಡಬ್ಬಿ ಆಕಿದು," ಎಂದಳು. "ನಾನ ಕೊಡತೀನಿ."

ಬಾಗಿಲ ಕಡೆ ನಡೆದಳು.